ಜೋಡಿ ಹೆಸರಿನ ಆಯ

“ಯಜಮಾನ್ರನ್ನ ಕರೀರಿ ತಾಯಿ. ಇಬ್ರೂ ಜೋಡಿ ಕುಂತ್ಕಂಡ್ರೆ ಕಾಯಿ ಒಡೆದು ಬಾಗ್ಲು ನಿಲ್ಸಾಣ. ಹತ್ತೂವರೆ ದಾಟಿದ್ರೆ ಮುಹೂರ್ತ ಇಲ್ಲ,” ಎಂದ ಬಡಗಿ ಏಕಾಂತಪ್ಪ. ಅರಿಶಿನ ಬಳಿದ ತೇಗದ ಚೌಕಟ್ಟು ಹೊಸ ಪಾಯದ ಮೇಲೆ ಅಂಗಾತ ಮಲಗಿತ್ತು. ಅವನು ಅದರ ತಲೆಗೆ ಮಾವಿನ ತೋರಣ ಕಟ್ಟುತ್ತಿದ್ದ.

ಯಮುನಾ ನಕ್ಕಳು. “ಯಾವ ಯಜಮಾನ್ರು ಏಕಾಂತಪ್ಪ? ಮನೆ ನಂದು. ಯಜಮಾನಿ ಅಂದ್ರೂ ನಾನೇ, ಯಜಮಾನ ಅಂದ್ರೂ ನಾನೇ.”

“ನೀವು ಸರಿ. ನಾ ಕೇಳಿದ್ದು ಅವರ್ನ.” ಏಕಾಂತಪ್ಪ ಗದ್ದ ಎತ್ತಿ ಕೆರೆಯ ಕಡೆ ತೋರಿಸಿದ. “ಅಗೋ, ನೀರಿನ ಹತ್ರ ಊದುಬತ್ತಿ ಹಿಡ್ಕಂಡು ಗಾಳಿ ನೋಡ್ತಾ ನಿಂತವ್ರಲ್ಲ, ಜಯಕುಮಾರ್ ಮೇಷ್ಟ್ರು. ಈ ಮನೆ ಆಯ ಕೂಡಿರಾದು ಜೋಡಿ ಹೆಸರಿಗೆ. ಒಂದು ನಿಮ್ದು, ಒಂದು ಅವರದು.”

ಯಮುನಾಳ ನಗು ಮುಖದ ಮೇಲೆ ಹಾಗೇ ಉಳಿಯಿತು, ಎತ್ತಿಡುವುದನ್ನು ಮರೆತ ಪಾತ್ರೆಯಂತೆ.

ಆಯ ಅಂದರೆ ಏನೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಒಂದು ಮಾತು. ಮನೆಯ ಉದ್ದ ಅಗಲವನ್ನು ಮನಸ್ಸಿಗೆ ಬಂದಂತೆ ಇಡುವಂತಿಲ್ಲ. ಅಲ್ಲಿ ಬಾಳುವವರ ಹೆಸರು ಹೇಳಿದರೆ ಆಯ ನೋಡುವವನು, ಹೆಚ್ಚಾಗಿ ಬಡಗಿಯೇ, ಲೆಕ್ಕ ಹಾಕಿ ಇಷ್ಟು ಅಡಿ, ಇಷ್ಟು ಅಂಗುಲ ಎಂದು ಅಳತೆ ಕೊಡುತ್ತಾನೆ. ಆ ಅಳತೆಗೇ ಪಾಯ ಬೀಳುತ್ತದೆ. ಹಾಗಾಗಿ ಹೆಸರು ಹೋಗಿ ಪಾಯದಲ್ಲಿ ಕೂರುತ್ತದೆ. ಆಮೇಲೆ ಅದನ್ನು ತೆಗೆಯಬೇಕೆಂದರೆ ಪಾಯವನ್ನೇ ಕೀಳಬೇಕು.

ಚೌಕಟ್ಟಿನ ಆ ಬದಿಗೆ ನಿಂತಿದ್ದ ಅಣ್ಣ ಶಿವಕುಮಾರಪ್ಪ ಒಂದು ಹೆಜ್ಜೆ ಮುಂದೆ ಬಂದ. ಇಸ್ತ್ರಿ ಮಾಡಿದ ಪಂಚೆ, ಹಣೆಗೆ ವಿಭೂತಿ. ಪಕ್ಕದಲ್ಲಿ ಅತ್ತಿಗೆ ಮಂಗಳಾ, ರೇಷ್ಮೆ ಸೀರೆ ಉಟ್ಟು, ಮೊಳಗಟ್ಟಲೆ ಮಲ್ಲಿಗೆ ಮುಡಿದು. ಇಬ್ಬರೂ ಮಣೆಯ ಮೇಲೆ ಕೂರಲೆಂದೇ ಸಿದ್ಧವಾಗಿ ಬಂದವರು.

“ಎಂಜಿನಿಯರು ಅಂದಿದ್ದೆ ನೀನು,” ಎಂದ ಶಿವಕುಮಾರಪ್ಪ.

“ಎಂಜಿನಿಯರೇ ಅಣ್ಣ.”

“ಎಂಜಿನಿಯರ ಹೆಸರು ಪಾಯದಾಗೆ ಯಾಕೆ ಕುಂತೈತೆ?”

ಆಳುಗಳು ಕರಣೆ ಬಿಟ್ಟು ನೋಡತೊಡಗಿದರು. ಕುರಿಗೆ ನೀರು ಕುಡಿಸಲು ಬಂದು, ಕಂಬಳಿ ಹಾಸಿಕೊಂಡು ಕೂತಿದ್ದ ಕಾಳಕ್ಕ ಎಲೆಅಡಿಕೆಯ ಚೀಲ ಕಟ್ಟುತ್ತಾ, “ಅಯ್ಯೋ, ನಾನು ಗಂಡ ಹೆಂಡ್ತಿ ಅಂತ್ಲೇ ತಿಳ್ಕಂಡಿದ್ದೆ ಬಿಡಪ್ಪ. ಅಡಿಗೆಮನೆ ಕಿಟಕಿ ಎಲ್ಲಿರ್ಬೇಕು ಅಂತ ಹೊತ್ತು ಮುಳುಗೋ ತನಕ ಜಗಳ ಆಡ್ತಿದ್ರು. ಬ್ಯಾರೇರು ಯಾರು ಹಂಗೆ ಆಡ್ತಾರೆ?” ಎಂದಳು.

ಒಬ್ಬ ಆಳು ಕಿಸಕ್ಕೆಂದ. ಶಿವಕುಮಾರಪ್ಪ ತಿರುಗಿ ನೋಡಿದ ಮೇಲೆ ಸುಮ್ಮನಾದ.

“ಆಯ್ತು, ಆಗಿದ್ದು ಆಯ್ತು,” ಎಂದ ಅಣ್ಣ, ಕೈಗಡಿಯಾರ ನೋಡಿಕೊಂಡು. “ಈಗ್ಲೂ ಏನೂ ಕೆಟ್ಟಿಲ್ಲ. ನಾನೂ ನಿಮ್ಮತ್ತಿಗೇನೂ ಕುಂತ್ಕಂತೀವಿ. ಆ ಮನುಷ್ಯನ್ನ ಇವತ್ತಿಗೇ ಕೆಲಸದಿಂದ ಬಿಡಿಸಿಬಿಡು. ಏನಮ್ಮ?”

ಬಾಗಿಲ ಪೂಜೆಗೆ ಕೂತವರದೇ ಮನೆ ಎಂಬುದು ಆ ಸುತ್ತಿನ ಮಾತು. ಕಾಗದ ಯಾರ ಹೆಸರಿನಲ್ಲಿದ್ದರೂ ಊರಿನ ಬಾಯಲ್ಲಿ ಮನೆ ಅವರದೇ. ಶಿವಕುಮಾರಪ್ಪ ನಿನ್ನೆ ಸಂಜೆಯೇ ಪಾಯದ ಮೇಲೆ ಓಡಾಡುತ್ತಾ, “ಶನಿವಾರ ಭಾನುವಾರ ದುರ್ಗದ ಕೋಟೆ ನೋಡಾಕೆ ಬರೋ ಗೆಸ್ಟ್‌ಗಳಿಗೆ ಕೊಟ್ರೆ ಚೆನ್ನಾಗಿರ್ತೈತೆ, ಹೋಮ್‌ಸ್ಟೇ ಅಂತ ಒಂದು ಬೋರ್ಡ್ ಹಾಕಾಣ. ನೀನು ಹಿಂದ್ಗಡೆ ಒಂದು ರೂಮಾಗೆ ಇರ್ಬೋದು,” ಎಂದಿದ್ದ. ಅದೂ ಪ್ರೀತಿಯಿಂದಲೇ. ಅವನು ಯಾವತ್ತೂ ಪ್ರೀತಿಯಿಂದಲೇ ಅವಳ ಪರವಾಗಿ ತೀರ್ಮಾನ ಮಾಡಿದವನು.

“ಒಂದ್ನಿಮಿಷ,” ಎಂದಳು ಯಮುನಾ. ಪಾಯದಿಂದ ಇಳಿದು ಕೆರೆಯ ಕಡೆ ನಡೆದಳು.

ಕಾಲು ಬೇಗ ಹೋಗುತ್ತಿತ್ತು, ಮನಸ್ಸು ಹಿಂದೆ ಹಿಂದೆ ಎಳೆಯುತ್ತಿತ್ತು.

ಮದುವೆಯಿಲ್ಲದೆ, ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ಬಿಳಿ ಸೀರೆ ಉಟ್ಟು ನರ್ಸಾಗಿ ದುಡಿದು ನಿವೃತ್ತಿಯಾದಾಗ ಅವಳಿಗೆ ಬೇಕಿದ್ದದ್ದು ಒಂದೇ: ಕೆರೆಯ ದಂಡೆಯ ಮೇಲೆ ತನ್ನದೇ ಒಂದು ಮನೆ. ಭರಮಸಾಗರದ ಕೆರೆಯ ಮೂಡಲಿಗೆ ಈ ದಿಣ್ಣೆ ಸಿಕ್ಕಿತ್ತು. ಹೊಸದುರ್ಗದಲ್ಲಿ ಗೆಳತಿಯೊಬ್ಬಳ ಮನೆಗೆ ಹೋದಾಗ, ಏಪ್ರಿಲ್ ಬಿಸಿಲಲ್ಲೂ ಫ್ಯಾನ್ ನಿಂತೇ ಇತ್ತು, ಒಳಗೆ ಮಡಕೆ ನೀರಿನ ತಂಪು. “ಯಾರೇ ಕಟ್ಟಿದ್ದು?” ಎಂದು ಕೇಳಿದ್ದಳು. ಹಾಗೆ ಸಿಕ್ಕವನು ಜಯಕುಮಾರ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ರಿಟೈರ್ ಆದವನು. ಹೆಂಡತಿ ತೀರಿಕೊಂಡ ಮೇಲೆ ದುರ್ಗದ ಕೋಟೆಯ ಬುಡದ ಓಣಿಯಲ್ಲಿ ಒಬ್ಬನೇ ಇದ್ದವನು.

ಎಷ್ಟು ರೂಮು ಬೇಕು ಎಂದು ಅವನು ಕೇಳಲಿಲ್ಲ. “ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ನಿಮಗೆ ಏನು ಕಾಣಬೇಕು ಮೇಡಂ?” ಎಂದು ಕೇಳಿದ.

“ನೀರು,” ಎಂದಿದ್ದಳು. ಅವಳಿಗೆ ಏನು ಕಾಣಬೇಕು ಎಂದು ಅದುವರೆಗೂ ಯಾರೂ ಕೇಳಿರಲಿಲ್ಲ.

ಆಮೇಲೆ ಆರು ತಿಂಗಳು ಮಾತೇ ಮಾತು. ಇಲ್ಲಿನದೇ ಕೆಮ್ಮಣ್ಣಿನ ಇಟ್ಟಿಗೆ, ತಾರಸಿಯೊಳಗೆ ಬೋರಲು ಹಾಕಿದ ಮಡಕೆಗಳು, ಬಿಸಿಲು ತಡೆಯಲು ಅಗಲವಾದ ಸೂರು, ಸ್ನಾನಕ್ಕೆ ಸೋಲಾರ್, ಮಳೆನೀರಿಗೆ ತೊಟ್ಟಿ. ಪಡುವಲಿನ ಗಾಳಿ ಕೆರೆಯ ಮೇಲೆ ಹಾದು, ತಂಪಾಗಿ, ಜಗಲಿಯಿಂದ ನುಗ್ಗಿ ಮೂಡಲ ಬಾಗಿಲಿಂದ ಹೊರಗೆ ಹೋಗಬೇಕು. ಮೆಟ್ಟಿಲಿಲ್ಲ, ಇಳಿಜಾರು. ಹೊಸ್ತಿಲು ಒಂದು ಬೆರಳಿನಷ್ಟೇ ಎತ್ತರ. ಎಡವಿ ಸೊಂಟ ಮುರಿದುಕೊಂಡು ಬಂದ ಎಷ್ಟು ಮುದುಕಿಯರನ್ನು ನೋಡಿದ್ದಳು ಅವಳು! ಮುಂದೊಂದು ದಿನ ಗಾಲಿಕುರ್ಚಿ ಬಂದರೂ ತಿರುಗುವಷ್ಟು ಅಗಲದ ಬಾಗಿಲುಗಳು.

ಪಾಯ ತೆಗೆಯುವ ಮೊದಲು ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಗೋಡೆಯಿಲ್ಲದ, ಸೂರಿಲ್ಲದ ಮನೆ. ಎಲ್ಲರೂ ಗೆರೆ ದಾಟಿ ಎಲ್ಲೆಂದರಲ್ಲಿ ಓಡಾಡುತ್ತಿದ್ದರು. ಜಯಕುಮಾರ ಮಾತ್ರ ಬಾಗಿಲಿಗೆಂದು ಬಿಟ್ಟ ಜಾಗದ ಮುಂದೆ ಬಂದು ನಿಂತು, ಕನ್ನಡಕದ ಮೇಲಿಂದ ಅವಳನ್ನು ನೋಡಿ, “ಬರಬಹುದಾ?” ಎನ್ನುತ್ತಿದ್ದ.

“ಚಪ್ಪಲಿ ಬಿಟ್ಟು ಬರ್ರಿ,” ಎನ್ನುತ್ತಿದ್ದಳು ಅವಳು, ಇಲ್ಲದ ಅಡಿಗೆಮನೆಯಲ್ಲಿ ನಿಂತು.

ಬರಿಗಾಲಲ್ಲಿ ಆ ಮುಳ್ಳುನೆಲದ ಮೇಲೆ ಕುಂಟುತ್ತಾ ಬರುತ್ತಿದ್ದ. ದಿನಾ ಅದೇ ಆಟ. ಒಂದು ದಿನ ಅಡಿಗೆ ಕಟ್ಟೆ ಎಷ್ಟೆತ್ತರ ಇರಬೇಕೆಂದು ತೋರಿಸಲು ಇಟ್ಟಿಗೆ ಪೇರಿಸಿ, “ಕೈ ಇಟ್ಟು ನೋಡ್ರಿ,” ಎಂದ. ಇಟ್ಟಳು. ಸೊಂಟ ಬಗ್ಗಲಿಲ್ಲ, ಭುಜ ಏಳಲಿಲ್ಲ. “ನನ್ನ ಎತ್ತರ ಯಾವಾಗ ಅಳೆದ್ರಿ?” ಎಂದರೆ, ಟೇಪು ಸುತ್ತುತ್ತಾ ಕಿವಿಯವರೆಗೂ ಕೆಂಪಾಗಿ, “ಅಳೆದಿಲ್ಲ. ನೋಡಿದೀನಿ,” ಎಂದಿದ್ದ.

ಆ ದಿನದ ಮೇಲೆ ಅವಳು ಕನ್ನಡಿ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ನಿಜ. ನರೆಗೂದಲಿಗೆ ಹೂವು ಚೆನ್ನಾಗಿ ಕಾಣುತ್ತದೋ ಇಲ್ಲವೋ ಎಂದು ಯೋಚಿಸಿದ್ದೂ ನಿಜ. ಆದರೆ ಅದು ಅವಳು ತಾನೇ, ತನ್ನ ಹೊತ್ತಿನಲ್ಲಿ ಬಿಡಿಸಬೇಕಿದ್ದ ಗಂಟು. ಇವತ್ತು ಆಳುಗಳ ಮುಂದೆ, ಅಣ್ಣನ ಮುಂದೆ, ಬಡಗಿಯ ಬಾಯಿಂದ ಬಿಚ್ಚಿಕೊಂಡಿತ್ತು.

ಜಯಕುಮಾರ ಅವಳ ಹೆಜ್ಜೆ ಕೇಳಿ ತಿರುಗಿದ. ಮುಖ ಹಿಗ್ಗಿತು. “ನೋಡ್ರಿ ಇಲ್ಲಿ. ಹೊಗೆ ನೇರ ನಿಮ್ಮ ಬಾಗ್ಲಿಗೇ ಹೋಗ್ತೈತೆ, ದಾರಿ ಕಲಿಸಿದಂಗೆ. ನಾನು ಹೇಳಿರ್ಲಿಲ್ವಾ?”

“ಏಕಾಂತಪ್ಪ ಇನ್ನೇನೋ ಹೇಳಿದ.”

ಅವನ ಕೈ ನಿಂತಿತು. ಊದುಬತ್ತಿಯ ಬೂದಿ ಉದ್ದವಾಗಿ ಬಾಗಿ ಬೆರಳ ಮೇಲೆ ಬಿತ್ತು.

“ಹೇಳಿಬಿಟ್ನಾ,” ಎಂದ ಮೆಲ್ಲಗೆ.

“ನನ್ನ ಅಣ್ಣನ ಮುಂದೆ. ಎಲ್ರ ಮುಂದೆ.”

“ಒಂಟಿ ಹೆಸರಿಗೆ ಅಳತೆ ಕೊಡಲ್ಲ ಅಂದ್ಬಿಟ್ಟ ಅವನು. ನಿಮ್ಮಣ್ಣನ ಹೆಸರು ಸೇರಿಸಾಣ ಅಂದ. ನಿಮಗದು ಬೇಡ ಅಂತ ನನಗೆ ಗೊತ್ತಿತ್ತು. ಬಾಯಿಗೆ ನನ್ನ ಹೆಸರು ಬಂತು.”

“ಬಾಯಿಗೆ ಬಂತೋ, ಮನಸ್ಸಲ್ಲಿತ್ತೋ?”

ಅವನು ಊದುಬತ್ತಿಯನ್ನು ಒದ್ದೆ ಮಣ್ಣಿಗೆ ಚುಚ್ಚಿದ. “ಮನಸ್ಸಲ್ಲಿತ್ತು. ಅದಕ್ಕೇ ಬಾಯಿಗೆ ಬಂತು. ನನಗೆ ಆಯದಲ್ಲೆಲ್ಲ ನಂಬಿಕೆ ಇಲ್ಲ, ಏನಾದ್ರೇನು ಅಂತ ಇಷ್ಟು ದಿನ ನನಗೆ ನಾನೇ ಹೇಳ್ಕಂಡೆ. ಆದ್ರೆ ಪಾಯ ಹಾಕಿದ ದಿನ ಮನೆಗೆ ಹೋಗಿ ಒಬ್ನೇ ಪಾಯಸ ಮಾಡ್ಕಂಡು ತಿಂದೆ.”

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಈಗ ನಗು ಬಂದದ್ದಕ್ಕೇ ಸಿಟ್ಟು ಹೆಚ್ಚಾಯಿತು.

“ಸುಣ್ಣದ ಗೆರೆ ದಾಟಾಕೆ ದಿನಾ ಬರಬಹುದಾ ಅಂತ ಕೇಳ್ತಿದ್ರಿ. ಅದು ಆಟ. ಹೆಸರು ಪಾಯಕ್ಕೆ ಹಾಕಾದು ಆಟ ಅಲ್ಲ. ಅದಕ್ಕೆ ಕೇಳಬೇಕು ಅನ್ನಿಸ್ಲಿಲ್ವಾ?”

ಅವನು ಬೂದಿ ಬಿದ್ದ ಬೆರಳನ್ನು ಅಂಗಿಯ ತುದಿಗೆ ಒರೆಸಿಕೊಂಡ.

“ನನಗೆ ಇಪ್ಪತ್ಮೂರು ವರ್ಷ ಆಗಿದ್ದಾಗ ತಾಳ್ಯದಿಂದ ಒಂದು ಸಂಬಂಧ ಬಂದಿತ್ತು. ಅಣ್ಣ ಒಪ್ಕಂಡ. ಆಮೇಲೆ ಏನೋ ಸರಿ ಬರಲಿಲ್ಲ ಅಂತ ಬಿಟ್ಟ. ಒಪ್ಪಿದ್ದೂ ನನಗೆ ಗೊತ್ತಿಲ್ಲ, ಬಿಟ್ಟಿದ್ದೂ ಗೊತ್ತಿಲ್ಲ. ಬಸ್ಸಲ್ಲಿ ಯಾರೋ ಹೆಂಗಸು, ಪಾಪ ತಪ್ಪಿಹೋಯ್ತಲ್ಲಮ್ಮ ಅಂದಾಗ ಗೊತ್ತಾಗಿದ್ದು.” ಅವಳ ದನಿ ಎಲ್ಲೂ ಏರಲಿಲ್ಲ. “ನನ್ನ ಹೆಸರು ಒಂದ್ಸಲ ಹಂಗೆ ಜೋಡಿ ಆಗಿ, ಹಂಗೇ ಒಂಟಿ ಆಗಿತ್ತು. ನೀವು ಬ್ಯಾರೆ ಥರ ಅಂದ್ಕಂಡಿದ್ದೆ.”

ಗಾಳಿ ಅವಳ ಸೆರಗನ್ನು ಎಳೆಯಿತು. ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. ಬೂದಿ ಗಾಜಿಗೆ ಮೆತ್ತಿ ಇನ್ನೂ ಮಸುಕಾಯಿತು. ಆ ಕಣ್ಣುಗಳನ್ನು ಕನ್ನಡಕವಿಲ್ಲದೆ ಅವಳು ನೋಡಿದ್ದು ಅದೇ ಮೊದಲು. ಅವನಿಗೆ ತನ್ನ ಮುಖ ಈಗ ಸರಿಯಾಗಿ ಕಾಣುತ್ತಿಲ್ಲ ಎಂದು ತಿಳಿದು ಒಂದು ಗಳಿಗೆ ಧೈರ್ಯವಾಗಿ ನೋಡಿದಳು.

“ತಪ್ಪಾಯ್ತು,” ಎಂದ. “ಏಕಾಂತಪ್ಪನ್ನ ನಾನು ಒಪ್ಪಿಸ್ತೀನಿ. ಪಡುವಲ ಗೋಡೆ ಪಾಯ ಕಿತ್ತು ಒಂದು ಮೊಳ ಒಳಕ್ಕೆ ತಗಂಡ್ರೆ ನಿಮ್ಮೊಬ್ಬರ ಹೆಸರಿಗೆ ಕೂಡ್ತೈತೆ. ಆಷಾಢ ಕಳೆದ ಮೇಲೆ ಮುಹೂರ್ತ ನೋಡಾಣ. ಮನೆ ಪೂರ್ತಿ ಮಾಡಿಕೊಡ್ತೀನಿ. ಆಮೇಲೆ ನಾನು ಈ ಕಡೆ ಬರಲ್ಲ.”

“ಬರಲ್ಲ ಅನ್ನಾದನ್ನೂ ನೀವೇ ತೀರ್ಮಾನ ಮಾಡಿಬಿಟ್ರಾ?”

ಅವನು ತಲೆ ಎತ್ತಿದ.

“ಯಮುನಾ,” ದಿಣ್ಣೆಯ ಮೇಲಿಂದ ಅಣ್ಣನ ಕೂಗು. “ಹತ್ತೂಕಾಲು ಆಯ್ತು.”

“ಹಂಗಾದ್ರೆ ನಾನೇನು ಮಾಡ್ಲಿ ಹೇಳ್ರಿ,” ಎಂದ ಜಯಕುಮಾರ.

“ಕೇಳ್ರಿ.”

“ಏನನ್ನ?”

“ಏಕಾಂತಪ್ಪನ ಮುಂದೆ ಬಾಯಿ ಬಿಡೋ ಮುಂಚೆ ಕೇಳಬೇಕಿತ್ತಲ್ಲ, ಅದನ್ನ.”

ಅವನು ಕನ್ನಡಕ ಹಾಕಿಕೊಂಡ. ತೆಗೆದ. ಮತ್ತೆ ಹಾಕಿಕೊಂಡ. “ನನಗೆ ಬಲ ಮೊಣಕಾಲು ನೋವು ಐತೆ. ಬಿ.ಪಿ. ಮಾತ್ರೆ ಒಂದು, ಬೆಳಿಗ್ಗೆ. ಗೊರಕೆ ಹೊಡೀತೀನಿ ಅಂತ ಮಗಳು ಹೇಳ್ತಾಳೆ. ಅಡಿಗೆ ಮಾಡ್ತೀನಿ, ಆದ್ರೆ ಉಪ್ಪು...”

“ಇದು ಕೇಳಾದಲ್ಲ. ಕೇಸ್ ಶೀಟು.”

“ನೀವು ನರ್ಸಲ್ವಾ, ಮೊದ್ಲೇ ಹೇಳಿಬಿಡಾಣ ಅಂತ.” ಅವನು ಉಸಿರು ಎಳೆದುಕೊಂಡ. ಆಮೇಲೆ, ಮೊದಲ ಸಲ, ಮೇಡಂ ಅನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆದ. “ಯಮುನಾ. ಬೆಳಿಗ್ಗೆ ನೀವು ಕಣ್ಣು ಬಿಟ್ಟು ನೀರು ನೋಡೋ ಹೊತ್ತಿಗೆ, ಪಕ್ಕದಲ್ಲಿ ನಾನೂ ಇರಬಹುದಾ?”

ಕೆರೆಯ ನೀರು ದಂಡೆಗೆ ಬಂದು ಬಂದು ತಟ್ಟುತ್ತಿತ್ತು. ಅವಳು ಅವನ ಮುಖ ನೋಡಿದಳು, ಬೂದಿ ಮೆತ್ತಿದ ಗಾಜು ನೋಡಿದಳು, ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ ಅಂಗಿ ನೋಡಿದಳು.

“ಕೇಳಿದ್ರಿ,” ಎಂದಳು. “ಉತ್ತರ ನಾನು ಹೇಳೋ ಹೊತ್ತಿಗೆ ಹೇಳ್ತೀನಿ.”

ತಿರುಗಿ ದಿಣ್ಣೆ ಹತ್ತಿದಳು. ಅವನು ಹಿಂದೆ ಬರುತ್ತಿದ್ದಾನೋ ಇಲ್ಲವೋ ಎಂದು ನೋಡಲಿಲ್ಲ. ಬೆನ್ನೆಲ್ಲ ಕಿವಿಯಾಗಿತ್ತು.

ಮೇಲೆ ಬರುವಷ್ಟರಲ್ಲಿ ಶಿವಕುಮಾರಪ್ಪನೂ ಮಂಗಳಾನೂ ಮಣೆಯ ಮೇಲೆ ಕೂತಾಗಿತ್ತು. ಏಕಾಂತಪ್ಪ ಕಾಯಿ ಕೈಯಲ್ಲಿ ಹಿಡಿದು, ಯಾರ ಮುಖ ನೋಡಬೇಕೆಂದು ತಿಳಿಯದೆ ಕಾಯಿಯ ಜುಟ್ಟನ್ನೇ ನೋಡುತ್ತಿದ್ದ.

“ಅಣ್ಣ, ಏಳಣ್ಣ,” ಎಂದಳು ಯಮುನಾ.

“ಯಾಕೆ?”

“ಬಾಗ್ಲಿಗೆ ನಾನು ಕುಂತ್ಕಂತೀನಿ.”

“ಒಬ್ಳೇ? ಒಂಟಿ ಹೆಂಗಸು ಬಾಗ್ಲಿಗೆ ಕುಂತಿದ್ದು ಎಲ್ಲಾದ್ರೂ ನೋಡಿದೀಯೇನಮ್ಮ?”

“ನಾನು ಕುಂತಿದ್ದೆ ಕಣಪ್ಪ,” ಎಂದಳು ಕಾಳಕ್ಕ ಕಂಬಳಿಯ ಮೇಲಿಂದ. “ನಮ್ಮೋನು ಕುರಿ ಹೊಡ್ಕಂಡು ಹರಿಯಬ್ಬೆ ಕಡೀಕೆ ಹೋದೋನು ಮುಹೂರ್ತಕ್ಕೆ ಬರಲೇ ಇಲ್ಲ. ನಾನೇ ಕುಂತು ನಿಲ್ಲಿಸ್ದೆ. ಬಾಗ್ಲು ಇವತ್ತಿಗೂ ನೆಟ್ಟಗೈತೆ. ಡೊಂಕಾಗಿರಾನು ಅವನೇ.”

ಈ ಸಲ ಆಳುಗಳೆಲ್ಲ ನಕ್ಕರು. ಶಿವಕುಮಾರಪ್ಪ ನಗಲಿಲ್ಲ. ಮಣೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಜನ ಏನಂತಾರೆ ಅಂತ ಯೋಚ್ನೆ ಮಾಡಿದೀಯಾ? ನಿನ್ನ ಒಳ್ಳೇದಕ್ಕೇ ಹೇಳ್ತಿರಾದು.”

“ಗೊತ್ತು ಅಣ್ಣ. ನೀನು ಯಾವತ್ತೂ ನನ್ನ ಒಳ್ಳೇದಕ್ಕೇ ಮಾಡಿದೀಯ. ಒಂದ್ಸಲನೂ ನನ್ನ ಕೇಳಿಲ್ಲ, ಅಷ್ಟೇ.”

ಕುರಿಯೊಂದು ಕೆಮ್ಮಿತು. ಮೊದಲು ಎದ್ದವಳು ಮಂಗಳಾ. ಸೀರೆಯ ನೆರಿಗೆ ಕೊಡವಿಕೊಂಡು, “ಏಳ್ರಿ,” ಎಂದಳು ಗಂಡನಿಗೆ. “ಇನ್ನೊಬ್ಬರ ಮಣೆ ಮ್ಯಾಲೆ ಎಷ್ಟೊತ್ತು ಅಂತ ಕುಂತಿರಾದು.” ಮುಡಿಯಿಂದ ಒಂದು ಗೇಣು ಮಲ್ಲಿಗೆ ಹರಿದು, ನಾದಿನಿಯ ನರೆಗೂದಲಿಗೆ ಸಿಕ್ಕಿಸಿ, ಏನೂ ಮಾಡದವಳಂತೆ ಹೋಗಿ ನೆರಳಲ್ಲಿ ನಿಂತಳು.

ಶಿವಕುಮಾರಪ್ಪ ನಿಧಾನವಾಗಿ ಎದ್ದ. ಕಾರಿನ ಕಡೆಗೆ ಹೊರಟವನು ಇಟ್ಟಿಗೆ ರಾಶಿಯ ಹತ್ತಿರ ನಿಂತುಬಿಟ್ಟ. ಬೆನ್ನು ಈ ಕಡೆಗೆ, ಮುಖ ನೀರಿನ ಕಡೆಗೆ. ಹೋಗಲೂ ಇಲ್ಲ, ಬರಲೂ ಇಲ್ಲ.

ಯಮುನಾ ಮಣೆಯ ಮೇಲೆ ಕೂತಳು.

“ತಾಯಿ,” ಏಕಾಂತಪ್ಪ ಬಗ್ಗಿ ಪಿಸುಗುಟ್ಟಿದ, “ಆಯದ್ದೇನು ಮಾಡಾಣ? ಆ ಹೆಸರು ತೆಗೀಬೇಕಾದ್ರೆ ಪಡುವಲ ಪಾಯ ಕೀಳಬೇಕು. ಹಂಗಿದ್ರೆ ಇವತ್ತು ಬಾಗ್ಲು ನಿಲ್ಸಾಕಾಗಲ್ಲ. ಬಾಗ್ಲು ನಿಂತ ಮ್ಯಾಲೆ ಅಳತೆ ಮುಟ್ಟಂಗಿಲ್ಲ. ಈಗ್ಲೇ ಹೇಳಿಬಿಡ್ರಿ.”

ಅವಳು ಪಡುವಲಕ್ಕೆ ನೋಡಿದಳು. ಮಲಗುವ ಕೋಣೆಯ ಪಾಯ, ಅದರಾಚೆ ಜಗಲಿ, ಅದರಾಚೆ ನೀರು. ಇಳಿಜಾರಿನ ಕೆಳತುದಿಯಲ್ಲಿ ಜಯಕುಮಾರ ಬಂದು ನಿಂತಿದ್ದ. ಅಲ್ಲಿಂದ ಮೇಲೆ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನಂತೆ, ಅವಳನ್ನಲ್ಲ, ನೆಲವನ್ನು ನೋಡುತ್ತಿದ್ದ.

ಒಂದು ಮೊಳ. ಕಿತ್ತರೆ ಕಿಟಕಿಯ ಹತ್ತಿರ ಒಬ್ಬರಿಗೆ ಕೂರುವಷ್ಟು ಜಾಗ ಕಮ್ಮಿಯಾಗುತ್ತದೆ. ಅದನ್ನು ಅವಳು ಈಗಷ್ಟೇ ಲೆಕ್ಕ ಹಾಕಿದ್ದಳು.

“ಹತ್ತೂವರೆಗೆ ಇನ್ನೆರಡು ನಿಮಿಷ ತಾಯಿ.”

“ಅಳತೆ ಹಂಗೇ ಇರ್ಲಿ ಏಕಾಂತಪ್ಪ.”

“ಜೋಡಿ ಹೆಸರಿಗೇ?”

“ಜೋಡಿ ಹೆಸರಿಗೇ.” ಕೆಳಗೆ ನಿಂತವನಿಗೂ, ಇಟ್ಟಿಗೆ ರಾಶಿಯ ಹತ್ತಿರ ಬೆನ್ನು ತಿರುಗಿಸಿದವನಿಗೂ ಕೇಳುವಷ್ಟು ದನಿ ಎತ್ತಿದಳು. “ಆದ್ರೆ ಆವಾಗ ಕೊಟ್ಟ ಹೆಸರು ಲೆಕ್ಕಕ್ಕಿಲ್ಲ. ಈಗ ನಾನು ಕೊಡ್ತಿದೀನಿ, ಬರ್ಕಳ್ರಿ. ಯಮುನಾ. ಜಯಕುಮಾರ.”

“ನನ್ನ ತಲೇಲಿ ಬರ್ಕಂಡೆ,” ಎಂದ ಏಕಾಂತಪ್ಪ. ಕಾಯಿ ಒಡೆದೇಬಿಟ್ಟ. ಎರಡು ಹೋಳು, ನೇರ.

ಚೌಕಟ್ಟಿನ ಕಾಲು ಕೂರುವ ಗುಂಡಿಗೆ ಅವಳೇ ಹಾಲು ಬಿಟ್ಟಳು, ನವಧಾನ್ಯ ಹಾಕಿದಳು. ನಾಲ್ಕು ಆಳುಗಳು ಚೌಕಟ್ಟು ಎತ್ತಿ ನಿಲ್ಲಿಸಿದರು. ಏಕಾಂತಪ್ಪ ತೂಗುಗುಂಡು ಹಿಡಿದು ಒಂದು ಕಣ್ಣು ಮುಚ್ಚಿದ, “ನಿಂತ್ಕಂತು” ಎಂದ. ಗೋಡೆಯಿಲ್ಲದ ದಿಣ್ಣೆಯ ಮೇಲೆ ಅರಿಶಿನದ ಬಾಗಿಲೊಂದೇ ನಿಂತಿತು. ಕೆರೆಯ ಕಡೆಯಿಂದ ಬಂದ ಗಾಳಿ ಮಾವಿನ ಎಲೆಗಳನ್ನೆಲ್ಲ ಒಂದೇ ಸಲ ಮೂಡಲಕ್ಕೆ ತಿರುಗಿಸಿ ಹಾಯ್ದುಹೋಯಿತು. ಕರ್ಪೂರ ಆರದಂತೆ ಕಾಳಕ್ಕ ಕಂಬಳಿಯ ಅಂಚು ಅಡ್ಡ ಹಿಡಿದಳು.

ಯಮುನಾ ಬೆರಳೆತ್ತರದ ಹೊಸ್ತಿಲು ದಾಟಿ ಒಳಗೆ ಹೋಗಿ ನಿಂತಳು. ಒಳಗೆ ಅಂದರೆ ಏನು, ಆಕಾಶದ ಕೆಳಗೆ. ತಿರುಗಿದಾಗ ಜಯಕುಮಾರ ಇಳಿಜಾರು ಹತ್ತಿ, ಪಾಯ ಸುತ್ತಿ ಬಂದು ಬಾಗಿಲ ಆಚೆ ನಿಂತಿದ್ದ. ಎರಡೂ ಬದಿಗೆ ಬೇಕಾದಷ್ಟು ಬಯಲಿತ್ತು, ಎಲ್ಲಿಂದ ಬೇಕಾದರೂ ಬರಬಹುದಿತ್ತು. ಅವನು ಚೌಕಟ್ಟಿನ ಮುಂದೆಯೇ ನಿಂತಿದ್ದ. ಕನ್ನಡಕದ ಮೇಲಿಂದ ನೋಡಿದ. ಕಣ್ಣು ಒದ್ದೆಯಾಗಿತ್ತು.

“ಬರಬಹುದಾ?” ಎಂದ.

ಅವಳು ಮಲ್ಲಿಗೆ ಸರಿಮಾಡಿಕೊಂಡಳು. ಅವನು ಕಾಯಲಿ, ಸ್ವಲ್ಪ ಹೊತ್ತು. ಕಾದ.

“ಚಪ್ಪಲಿ ಬಿಟ್ಟು ಬರ್ರಿ.”

ಬಲ ಮೊಣಕಾಲು ಬಗ್ಗದೆ, ಚಪ್ಪಲಿಯ ಪಟ್ಟಿ ಬಿಚ್ಚಲು ಅವನು ಚೌಕಟ್ಟಿಗೆ ಕೈ ಊರಿದ. ಅರಿಶಿನ ಇನ್ನೂ ಹಸಿಯಾಗಿತ್ತು. ಅಂಗೈ ಪೂರ್ತಿ ಹಳದಿಯಾಯಿತು. ಒರೆಸಿಕೊಳ್ಳಲೆಂದು ಜೇಬಿನ ಕರ್ಚೀಫಿನವರೆಗೂ ಹೋದ ಇನ್ನೊಂದು ಕೈ ಅಲ್ಲೇ ನಿಂತು, ಬರಿದೇ ವಾಪಸು ಬಂತು.